ಶರಭಕ್ಕೆ ಹಚ್ಚಿದ ವಾರ್ನಿಷ್

ಎರಡು ವರ್ಷದ ಹಿಂದೆ, ವಸ್ತುಸಂಗ್ರಹಾಲಯವೊಂದರ ಸಂರಕ್ಷಣಾ ವಿಭಾಗದಲ್ಲಿ ನನ್ನ ಸೇವೆ ಮುಗಿಯುತ್ತ ಬಂದಿತ್ತು. ಹಳೆಯ ಅಥವಾ ಹಾಳಾದ ಚಿತ್ರಗಳು ಇನ್ನಷ್ಟು ಕೆಡದಂತೆ ಉಳಿಸಿಕೊಳ್ಳುವ ಕೆಲಸ ಅದು. ನಮ್ಮನ್ನು ಕನ್ಸರ್ವೇಟರ್ ಎನ್ನುತ್ತಾರೆ.

ಆವತಿಯ ಸಾವಿತ್ರಮ್ಮ ಫೋನ್ ಮಾಡಿದ್ದು ಆಗ. ಡ್ರಾಯಿಂಗ್ ಟೀಚರ್ ಆಗಿ ನಿವೃತ್ತರಾಗಿದ್ದ ಅವರು ಬಹುಕಾಲದಿಂದ ಪುರಾಣದ ಪ್ರಾಣಿಗಳನ್ನೇ ಬಿಡಿಸುತ್ತಿದ್ದರು. ಅವರ ಐರಾವತಕ್ಕೆ ಅಂಬಾರಿ ಇರಲಿಲ್ಲ. ಕಡಲಿನಿಂದ ಈಗಷ್ಟೇ ಎದ್ದು ಬಂದು, ಎಲ್ಲಿದ್ದೇನೆಂದು ತಿಳಿಯದೆ ಕಿವಿ ಅಗಲಿಸಿ ನಿಂತ ಮರಿಯಾನೆ ಅದು. ಎಂಟು ಕಾಲಿನ ಶರಭಕ್ಕೆ ಜಗಳ ಮುಗಿಸಿ ಬಂದವನ ದಣಿದ ಕಣ್ಣು. ಮೊದಲು ದೊಡ್ಡಬಳ್ಳಾಪುರದಲ್ಲಿ, ಆಮೇಲೆ ಬೆಂಗಳೂರಿನ ಗ್ಯಾಲರಿಯೊಂದರಲ್ಲಿ ಪ್ರದರ್ಶನ ನಿಗದಿಯಾಗಿತ್ತು. ಅಷ್ಟರಲ್ಲಿ ಅವರಿಗೆ ಪಾರ್ಕಿನ್ಸನ್ ಬಂದು ಬಲಗೈ ನಡುಗತೊಡಗಿತ್ತು. ಹೊಸದಾಗಿ ಬಿಡಿಸುವ ಮಾತು ಮುಗಿದಿತ್ತು.

"ಮೇಡಂ, ಒಂದ್ಸಲ ಬಂದು ನೋಡಿ ಹೋಗ್ತೀರಾ? ನನ್ನ ತಮ್ಮ ಏನೋ ಮಾಡ್ಬಿಟ್ಟಿದಾನೆ," ಎಂದರು.

ತಮ್ಮ ನಂಜುಂಡಪ್ಪ ದೇವನಹಳ್ಳಿಯಲ್ಲಿ ಮರದ ಸಾಮಾನಿನ ಅಂಗಡಿ ಇಟ್ಟವರು. ಅಕ್ಕ ಆಸ್ಪತ್ರೆಗೆ ಹೋಗಿದ್ದಾಗ ಚಿತ್ರಗಳು ಮಂಕಾಗಿವೆ ಅನ್ನಿಸಿ, ಬಾಗಿಲಿಗೆ ಹೊಡೆಯುವ ವಾರ್ನಿಷನ್ನು ಎಲ್ಲ ಚಿತ್ರಗಳಿಗೂ ತಮ್ಮ ಕೈಯಾರೆ ಹಚ್ಚಿದ್ದರು. ಅಕ್ಕ ಬಂದು ನೋಡಿ "ಏನೋ ಮಾಡಿದೆ?" ಎಂದಾಗ ಗಾಬರಿಯಾಗಿ, ಥಿನ್ನರ್‌ನಲ್ಲಿ ಬಟ್ಟೆ ಅದ್ದಿ ಶರಭವನ್ನು ಒರೆಸಿದ್ದರು. ನಾನು ಹೋದಾಗ ಶರಭಕ್ಕೆ ಮುಖವೇ ಇರಲಿಲ್ಲ. ಅಲ್ಲಿ ಕಾಗದದ ಜುಂಗು ಎದ್ದಿತ್ತು.

ಕ್ಯಾನ್ವಾಸಿನ ಮೇಲಿನ ತೈಲಚಿತ್ರವಾಗಿದ್ದರೆ ದಾರಿ ಇರುತ್ತಿತ್ತು. ಇವು ನೀರಿನಲ್ಲಿ ಕಲಸಿದ ಬಣ್ಣದಿಂದ ಕೈಕಾಗದದ ಮೇಲೆ ಬಿಡಿಸಿದವು. ವಾರ್ನಿಷ್ ಕಾಗದದೊಳಕ್ಕೆ ಇಳಿದುಬಿಟ್ಟಿತ್ತು. ಐರಾವತದ ಅಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಹತ್ತಿಯ ತುದಿಗೆ ದ್ರಾವಕ ಮುಟ್ಟಿಸಿ ಉರುಳಿಸಿ ನೋಡಿದೆ. ಹತ್ತಿ ನೀಲಿಯಾಯಿತು. ಅಲ್ಲಿಗೇ ನಿಲ್ಲಿಸಿದೆ.

"ತೆಗೆಯೋಕೆ ಆಗಲ್ಲಮ್ಮ. ತೆಗೆದರೆ ಬಣ್ಣಾನೂ ಬರುತ್ತೆ."

ನಂಜುಂಡಪ್ಪ ಬಾಗಿಲ ಹತ್ತಿರವೇ ನಿಂತಿದ್ದರು. "ಬೇರೆ ಯಾವ್ದಾದ್ರೂ ಕೆಮಿಕಲ್ ಇರುತ್ತಲ್ಲ ಮೇಡಂ. ನೀವು ಹೇಳಿ, ಎಲ್ಲಿದ್ರೂ ತರ್ತೀನಿ."

"ದಯವಿಟ್ಟು ಇನ್ನು ಮುಟ್ಟಬೇಡಿ," ಎಂದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ ನಾನು ಅಲ್ಲಿದ್ದಷ್ಟು ಹೊತ್ತೂ ಹಾಗೇ ನಿಂತಿದ್ದರು.

ಇನ್ನೊಂದು ಕಷ್ಟ ಕಾದಿತ್ತು. ಬೆಂಗಳೂರಿನ ಗ್ಯಾಲರಿಯವರು ಕಂಡಿಷನ್ ರಿಪೋರ್ಟ್ ಕೇಳಿದರು. ಚಿತ್ರ ಈಗ ಯಾವ ಸ್ಥಿತಿಯಲ್ಲಿದೆ, ಸಾಗಿಸಿದರೆ ತಾಳುತ್ತದೆಯೇ ಎಂದು ತಜ್ಞರು ಬರೆದುಕೊಡುವ ವರದಿ. ವಾರ್ನಿಷ್ ಇನ್ನೂ ಅಂಟಂಟಾಗಿತ್ತು. ಪ್ಯಾಕಿಂಗಿಗೆ ಅಂಟಿಕೊಂಡರೆ ಉಳಿದದ್ದೂ ಕಿತ್ತು ಬರುತ್ತಿತ್ತು. ಇದ್ದದ್ದನ್ನು ಬರೆದರೆ ಅವರು ತೆಗೆದುಕೊಳ್ಳುವುದಿಲ್ಲವೆಂದು ಗೊತ್ತಿತ್ತು. ಸಾವಿತ್ರಮ್ಮನಿಗೆ ಮೊದಲೇ ತಿಳಿಸಿ, ಇದ್ದದ್ದನ್ನೇ ಬರೆದೆ. ಆ ಪ್ರದರ್ಶನ ರದ್ದಾಯಿತು.

"ನೀವು ಬರೆದಿದ್ದು ಸರಿಯಾಗೇ ಇದೆ ಮೇಡಂ," ಎಂದರು ಸಾವಿತ್ರಮ್ಮ. "ಆದ್ರೆ ನನಗೆ ಇನ್ನೊಂದು ಸಲ ಅಂತ ಇಲ್ವಲ್ಲ."

ದೊಡ್ಡಬಳ್ಳಾಪುರದ್ದನ್ನು ಮಾತ್ರ ಅವರು ಬಿಡಲಿಲ್ಲ. ಹತ್ತಿರದ ಊರು, ಪ್ಯಾಕಿಂಗ್ ಇಲ್ಲದೆ ಹಲಗೆಗಳ ಮೇಲೆ ಮಲಗಿಸಿ ನಿಧಾನವಾಗಿ ಒಯ್ದೆವು. ಶರಭವನ್ನೂ ತೂಗುಹಾಕಬೇಕೆಂದು ಅವರು ಹೇಳಿದಾಗ ತಮ್ಮ ಅತ್ತೇಬಿಟ್ಟರು.

"ಬೇಡ ಕಣಕ್ಕ. ನೋಡ್ದೋರು ಏನಂತಾರೆ?"

"ನನ್ನದು ಕಣೋ ಅದು. ಮುಖ ಹೋಯ್ತು ಅಂತ ಮನೇಲಿ ಮುಚ್ಚಿಡ್ಲಾ?"

ಹೊಳಪು ಕಣ್ಣಿಗೆ ಹೊಡೆಯದಂತೆ ದೀಪಗಳನ್ನು ಪಕ್ಕಕ್ಕೆ ತಿರುಗಿಸಿದೆ. ನನ್ನಿಂದ ಆದದ್ದು ಅಷ್ಟೇ. ಜನ ಬಂದರು, ಕೆಲವರು ಶರಭದ ಮುಂದೆ ನಿಂತು ಕಾರಣ ಕೇಳಿದರು. ಸಾವಿತ್ರಮ್ಮ ಪ್ರತಿ ಸಲವೂ "ಮನೇಲಿ ಆಯ್ತು" ಎಂದಷ್ಟೇ ಹೇಳಿದರು. ನಂಜುಂಡಪ್ಪ ಹೊರಗಡೆ ಹೊಂಗೆ ಮರದ ಕೆಳಗೇ ಕೂತಿದ್ದರು. ಮಧ್ಯಾಹ್ನ ಅಕ್ಕ ನಡುಗುವ ಕೈಯಲ್ಲಿ ಕಾಫಿ ಲೋಟ ಹಿಡಿದು ಹೊರಗೆ ಹೋದರು. ಅರ್ಧ ಕಾಫಿ ದಾರಿಯಲ್ಲೇ ಚೆಲ್ಲಿತು. ಉಳಿದದ್ದನ್ನು ತಮ್ಮ ಕುಡಿದರು, ಒಳಗೆ ಮಾತ್ರ ಬರಲಿಲ್ಲ.

ನಿವೃತ್ತಿಯ ಮೇಲೂ ಜನ ಕರೆಯುತ್ತಾರೆ, ಹೋಗುತ್ತೇನೆ. ಈಗ ಚಿತ್ರ ನೋಡುವುದಕ್ಕೆ ಮುಂಚೆ ಮನೆಯವರನ್ನೆಲ್ಲ ಕೂರಿಸಿಕೊಂಡು ಏನು ಮಾಡಬಾರದೆಂದು ಹೇಳುತ್ತೇನೆ. ಗೆದ್ದಲು, ತೇವ, ಬಿಸಿಲು ಇವಕ್ಕೆಲ್ಲ ನಮ್ಮಲ್ಲಿ ಉಪಾಯಗಳಿವೆ. ಪ್ರೀತಿಯಿಂದ ಕೈ ಹಾಕುವವರನ್ನು ಮೊದಲೇ ತಡೆಯಬೇಕು, ಆಮೇಲೆ ನಾವು ಮಾಡಲು ಏನೂ ಉಳಿಯುವುದಿಲ್ಲ.