ನೀರಿಗೆ ಕರಗದ ಎತ್ತು

ಹಗಲು ಹೊತ್ತು ನಾನು ಹುಮನಾಬಾದಿನ ಒಂದು ಲ್ಯಾಬಿನಲ್ಲಿ ಮುದುಕರಿಗೆ ಹಲ್ಲಿನ ಸೆಟ್ ಮಾಡುತ್ತೇನೆ. ಸಂಜೆ ಬಸ್ಸು ಹಿಡಿದು ಬಸವಕಲ್ಯಾಣದ ಮನೆಗೆ ಬಂದು ರಾಕ್ಷಸರ ಹಲ್ಲಿಗೆ ಬಣ್ಣ ಹಚ್ಚುತ್ತೇನೆ. ಹೆಬ್ಬೆರಳುದ್ದದ ರಾಕ್ಷಸರು. ಮೇಜಿನ ಮೇಲೆ ಸೈನ್ಯ ನಿಲ್ಲಿಸಿ, ದಾಳ ಉರುಳಿಸಿ, ಟೇಪಿನಿಂದ ಅಳೆದು ಯುದ್ಧ ಮಾಡುವ ಆಟವೊಂದಿದೆ, ಇವರು ಅದರ ಪಡೆ. ಕೈ, ಕಾಲು, ತಲೆ ಎಲ್ಲ ಬೇರೆಬೇರೆಯಾಗಿ ಡಬ್ಬಿಯಲ್ಲಿ ಬರುತ್ತವೆ. ಕತ್ತರಿಸಿ, ಅಂಟಿಸಿ, ಬಣ್ಣ ಬಳಿಯುವುದು ನಮ್ಮ ಕರ್ಮ. ನನ್ನ ಶೆಲ್ಫಿನಲ್ಲಿ ಇನ್ನೂರು ಮಂದಿಯಾದರೂ ಇದ್ದಾರೆ. ಆಡಲು ಮಾತ್ರ ಈ ಎರಡೂ ಊರುಗಳಲ್ಲಿ ನನಗೆ ಒಬ್ಬರೂ ಸಿಕ್ಕಿಲ್ಲ. ಹೀಗಾಗಿ ಎರಡೂ ಕಡೆಯಿಂದ ನಾನೇ ಆಡುತ್ತೇನೆ, ಆದರೂ ಸೋತೆನೆಂದೇ ಅನಿಸುತ್ತದೆ.

ಮೂವತ್ತೆಂಟರ ಹೆಂಗಸು ಗೊಂಬೆ ಜೋಡಿಸುತ್ತ ಕೂತರೆ ಓಣಿ ಸುಮ್ಮನಿರುತ್ತದೆಯೇ? ಮದುವೆ ಮಾಡಿದ್ದರೆ ಈ ಹುಚ್ಚು ಇರುತ್ತಿರಲಿಲ್ಲ ಎಂದು ಪಕ್ಕದ ಮನೆಯ ಕಾಕು ಅವ್ವನಿಗೆ ಹೇಳುತ್ತಿರುತ್ತಾಳೆ. ಅದೂ ನಿಜವೇ. ಗಂಡನೊಬ್ಬ ಬಂದಿದ್ದರೆ ಶೆಲ್ಫಿನಲ್ಲಿ ಇಷ್ಟು ಜಾಗ ಎಲ್ಲಿ ಉಳಿಯುತ್ತಿತ್ತು? ನನ್ನನ್ನು ಮೇಡಂ ಎನ್ನುವವನು ಬೇಮಳಖೇಡದ ಕುರಿ ಕಾಯುವ ಅಜ್ಜ ಒಬ್ಬನೇ. ಹಲ್ಲು ಸರಿಯಾಗಿ ಕೂತ ಖುಷಿಗೆ ಚೀಲದ ತುಂಬ ಉಣ್ಣೆ ತಂದುಕೊಟ್ಟ. ಅದಕ್ಕೆ ಹಸಿರು ಬಣ್ಣ ಕಟ್ಟಿ, ಸಣ್ಣಗೆ ಕತ್ತರಿಸಿ, ನನ್ನ ಸೈನಿಕರ ಕಾಲಡಿಗೆ ಹುಲ್ಲು ಮಾಡಿಕೊಂಡಿದ್ದೇನೆ.

ಕಳೆದ ಚಳಿಗಾಲದಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಮಾತು ಮರಳಿತು, ಕಾಲು ಮರಳಿತು, ಬಲಗೈ ಮರಳಲಿಲ್ಲ. ದಿನಾ ಕೈಗೆ ಕೆಲಸ ಕೊಡದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ ಎಂದು ಹೇಳಿ ಡಾಕ್ಟರು ಹಿಚುಕಲು ರಬ್ಬರ್ ಚೆಂಡು ಕೊಟ್ಟರು. ಅಪ್ಪ ಅದನ್ನು ಮಂಚದ ಕೆಳಗೆ ಒಗೆದ.

"ನಂದೇನೈತಿ ಇನ್ನ, ಮುಗೀತು" ಎಂದು ಗೋಡೆಗೆ ಮುಖ ಮಾಡಿ ಮಲಗಿದವನು ತಿಂಗಳುಗಟ್ಟಲೆ ಹಾಗೇ ಇದ್ದ. ನನಗೆ ಹೆದರಿಕೆಯಾಗಿತ್ತು. ಹೆದರಿದಾಗ ನಾನು ಜಗಳ ತೆಗೆಯುತ್ತೇನೆ, ಹಾಗಾಗಿ ಮನೆಯಲ್ಲಿ ದಿನಾ ಜಗಳ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಣ್ಣಿನ ಜೋಡಿ ಎತ್ತು ಮಾಡಿ ಪೂಜಿಸಿ, ಮರುದಿನ ನೀರಿಗೆ ಬಿಡುವುದು ಪದ್ಧತಿ. ನಮ್ಮ ಮನೆಯ ಎತ್ತು ಪ್ರತಿ ವರ್ಷ ಅಪ್ಪನ ಕೈಯವು. ಈ ಸಲ ಬಜಾರಿನಿಂದ ತರೋಣವೆಂದಳು ಅವ್ವ. ಬೇಡ, ನಾನು ಮಾಡುತ್ತೇನೆ ಎಂದೆ. ಅಪ್ಪ ಗೋಡೆ ಬಿಟ್ಟು ಈ ಕಡೆ ತಿರುಗಿ ನೋಡಬೇಕು, ಅಂಥ ಎತ್ತು ಮಾಡಬೇಕೆಂದು ನನ್ನ ಜಂಬ.

ಹಲ್ಲಿನ ಅಚ್ಚು ಹೊಯ್ಯುವ ಹಳದಿ ಪ್ಲಾಸ್ಟರಿನಲ್ಲಿ ಮಾಡಿದೆ. ಒಣಗಿದರೆ ಕಲ್ಲು. ಡುಬ್ಬ, ಗಂಗೆದೊಗಲು, ಗೊರಸಿನ ಸೀಳು, ಎಲ್ಲವನ್ನೂ ಲ್ಯಾಬಿನ ಚಾಕುವಿನಲ್ಲಿ ಕೆತ್ತಿದೆ. ಕಣ್ಣಿನ ರೆಪ್ಪೆ ಕೂಡ ಬರೆದೆ. ಕಾಲಡಿಗೆ ಬೇಮಳಖೇಡದ ಉಣ್ಣೆಯ ಹುಲ್ಲು, ಮೇಲೆ ಮೂರು ಸಲ ವಾರ್ನಿಶ್. ಪೂಜೆಯ ದಿನ ಕಾಕು ತಾನೇ ಬಂದು ಫೋಟೋ ತೆಗೆದುಕೊಂಡು ಹೋದಳು. ಅಪ್ಪ ಒಮ್ಮೆ ನೋಡಿ "ಚಲೋ ಅವ" ಎಂದು ಮತ್ತೆ ಗೋಡೆಗೆ ತಿರುಗಿದ. ನನಗೆ ಅಳುವೇ ಬಂತು.

ಮರುದಿನ ಬೆಳಗ್ಗೆ ಅವುಗಳನ್ನು ಹಿತ್ತಲಿನ ಬಕೆಟ್ಟಿನ ನೀರಿಗೆ ಬಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಎರಡೂ ನೀರಿನ ತಳದಲ್ಲಿ ಠಾಕುಠೀಕಾಗಿ ನಿಂತಿವೆ. ಒಂದು ರೆಪ್ಪೆಯೂ ಅಳಿಸಿಲ್ಲ.

"ಪೂಜಿ ಮಾಡಿದ್ದು ಕರಗಲಿಲ್ಲಂದ್ರ ಹ್ಯಾಂಗ ಮಾಡೂದು?" ಎಂದು ಅವ್ವ ಗದ್ದಲವೆಬ್ಬಿಸಿದಳು. ಗದ್ದಲಕ್ಕೆ ಅಪ್ಪ ಕೋಲೂರಿಕೊಂಡು ಹಿತ್ತಲಿಗೆ ಬಂದ. ಕೋಲಿನಿಂದ ಎತ್ತನ್ನು ಕುಟ್ಟಿದ. ಟಣ್ ಎಂದಿತು.

"ಏನ್ ಹಾಕೀದಿ ಇದಕ್ಕ?"

"ಹಲ್ಲಿನ ಪ್ಲಾಸ್ಟರ್. ಮ್ಯಾಲ ವಾರ್ನಿಶ್ ಭೀ ಹೊಡದೀನಿ."

"ಅಲ್ಲವ್ವಾ, ಮನಿಗಿ ಕರದು ಪೂಜಿ ಮಾಡ್ದಿ. ಈಗ ಹೋಗಾಕ ದಾರಿ ಬ್ಯಾಡೇನು ಅವಕ್ಕ? ಕರಗೂವಂಥಾದ್ದು ಮಾಡೂನು, ಮಣ್ಣ ತಗೊಂಡ್ ಬಾ."

ಮಣ್ಣು ತಂದೆ. ಅಪ್ಪ ಕಟ್ಟೆಯ ಮೇಲೆ ಕೂತು ಹೇಳಿಕೊಟ್ಟ, ನಾನು ಕಲೆಸಿದೆ. ಪ್ಲಾಸ್ಟರಿಗೆ ರೂಢಿಯಾದ ಕೈ, ಮಣ್ಣು ಮಾತೇ ಕೇಳಲಿಲ್ಲ. "ಎಷ್ಟ್ ನೀರ್ ಹಾಕಾಕತ್ತಿ! ಎತ್ತೋ, ಅಂಬಲಿಯೋ?" ಎಂದು ಬೈದ. ಮೂರನೆಯ ಸಲವೂ ಕಾಲು ಕುಸಿದಾಗ ತಡೆಯಲಾರದೆ ನನ್ನ ಕೈ ಸರಿಸಿ ಮಣ್ಣನ್ನು ತನ್ನ ಮುಂದಕ್ಕೆ ಎಳೆದುಕೊಂಡ.

ಎಡಗೈಯಲ್ಲಿ ಮೈ ಹಿಡಿದರೆ ಕಾಲು ಎಳೆಯಲು ಇನ್ನೊಂದು ಕೈ ಬೇಕು. ಬಲಗೈ ತೊಡೆಯ ಮೇಲಿಂದ ಎದ್ದು ಮಣ್ಣಿಗೆ ಬಂತು. ಬೈಯುವುದರಲ್ಲಿ ಅಪ್ಪನಿಗೆ ಅದರ ಖಬರೇ ಇರಲಿಲ್ಲ. ಬೆರಳು ನಡುಗುತ್ತಿದ್ದವು, ಆದರೆ ಹಿಚುಕುತ್ತಿದ್ದವು. ಅವ್ವ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತವಳು ನಿಂತೇ ಇದ್ದಳು. ನಾನು ಇನ್ನೊಂದು ಹಿಡಿ ಮಣ್ಣನ್ನು ಅವನ ಬಲಗಡೆಗೆ ಸರಿಸಿದೆ.

ಕೊನೆಗೆ ತಯಾರಾದದ್ದು ಎತ್ತು ಎಂದು ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಒಂದೇ ಕೊಂಬು, ಹೊಟ್ಟೆ ನೆಲಕ್ಕೆ ಅಂಟಿದೆ. ಅಷ್ಟು ಚಂದದ್ದನ್ನು ನಾನು ಈವರೆಗೆ ನೋಡಿರಲಿಲ್ಲ. ಅವ್ವ ಅರಿಶಿನ ಕುಂಕುಮ ಹಚ್ಚಿದಳು. ನನ್ನ ಸೈನಿಕರ ಮುರಿದ ಖಡ್ಗದ ತುಂಡನ್ನೂ ಎಸೆಯದವಳು ನಾನು. ಇದನ್ನು ಒಣಗಿಸಿ ಇಟ್ಟುಕೊಳ್ಳುತ್ತೇನೆ, ಕೊಡು ಎಂದು ಅಂಗಲಾಚಿದೆ.

"ಇಟ್ಕೊಂಡು ಏನ್ ಮಾಡ್ತಿ? ನೀರಿಗಿ ಬಿಡು" ಎಂದ ಅಪ್ಪ. "ನಾಳಿಗಿ ಇನ್ನೊಂದು ಮಾಡ್ತೀನಿ."

ಬಿಟ್ಟೆ. ಮೊದಲು ಕೊಂಬು ಹೋಯಿತು, ಆಮೇಲೆ ಕಾಲು, ಆಮೇಲೆ ನೀರೆಲ್ಲ ರಾಡಿ. ಅಪ್ಪ ಕೈ ತೊಳೆದುಕೊಳ್ಳಲು ಎರಡೂ ಕೈ ಚಾಚಿದ, ಅವ್ವ ನೀರು ಹಾಕಿದಳು. ಮರುದಿನ ನಾನಿನ್ನೂ ಹಾಸಿಗೆಯಲ್ಲಿದ್ದಾಗಲೇ ಹಿತ್ತಲಿನಿಂದ ಮಣ್ಣೆಲ್ಲಿಟ್ಟಿದ್ದೀರಿ ಎಂದು ಅಪ್ಪ ಕೂಗುತ್ತಿದ್ದ.