ಬಾಗಿಲು ತೆಗೆಯದ ತರಗತಿ

ಹೆಡ್ಮಾಸ್ತರರಿಗೂ ನನಗೂ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಕಾರ್ಖಾನೆಗಳ ನಡುವಿನ ಘಣಸೋಲಿಯ ಕನ್ನಡ ಶಾಲೆಯೊಂದರಲ್ಲಿ ನಾನು ಐದನೇ ತರಗತಿಗೆ ಪಾಠ ಮಾಡುತ್ತಿದ್ದ ದಿನಗಳವು. ಆಪತ್ತಿನ ಕಾಲಕ್ಕೆಂದು ಅವರು ಒಂದು ಯೋಜನೆ ಬರೆದಿದ್ದರು: ಏನೇ ಆಗಲಿ, ಸೀಟಿ ಊದಿದ ಕೂಡಲೇ ಎಲ್ಲರೂ ಮೈದಾನಕ್ಕೆ ಇಳಿಯಬೇಕು.

ನನ್ನ ಗಂಡನಿಗೆ ಪಕ್ಕದ ಮಹಾಪೆಯ ಕೆಮಿಕಲ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ. ಗ್ಯಾಸ್ ಸೋರಿದರೆ ಹೊರಗೆ ಓಡಬಾರದು, ಕಿಟಕಿ ಬಾಗಿಲು ಮುಚ್ಚಿ ಒಳಗಿರಬೇಕೆಂದು ಅಲ್ಲಿ ಅಡುಗೆಯವರಿಗೂ ಕಲಿಸಿದ್ದರು. ಸ್ಟಾಫ್ ಮೀಟಿಂಗಿನಲ್ಲಿ ನಾನು ಅದನ್ನು ಹೇಳಿದೆ.

"ಕ್ಯಾಂಟೀನ್‌ನ್ಯಾಗ ಕಲ್ತಿದ್ದು ಇಲ್ಲಿ ನಡೆಯಂಗಿಲ್ಲ ಬಾಯಿ," ಎಂದರು ಹೆಡ್ಮಾಸ್ತರರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಮರೆಯಲೂ ಇಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ, ಎರಡನೇ ಪೀರಿಯಡ್ಡಿನಲ್ಲಿ, ಕಾರ್ಖಾನೆಗಳ ಕಡೆಯಿಂದ ಬ್ಲೀಚಿಂಗ್ ಪೌಡರಿನಂಥ ಘಾಟು ಒಳಗೆ ಬಂತು. ಮುಂದಿನ ಬೆಂಚಿನ ಹುಡುಗಿ ಕಣ್ಣುಜ್ಜಿಕೊಳ್ಳುತ್ತಾ, "ಟೀಚರ್, ಆಂಖ್ ಜಲ್ ರಹಾ ಹೈ," ಎಂದಳು. ಅಷ್ಟರಲ್ಲಿ ಸೀಟಿ ಕೇಳಿಸಿತು. ಉಳಿದ ತರಗತಿಗಳು ದಡದಡನೆ ಮೆಟ್ಟಿಲಿಳಿದವು. ನಾನು ಕಿಟಕಿಗಳನ್ನು ಮುಚ್ಚಿ ಬಾಗಿಲಿಗೆ ಚಿಲಕ ಹಾಕಿದೆ. ಮಕ್ಕಳ ಬಾಟಲಿಯ ನೀರಿನಿಂದಲೇ ಕರವಸ್ತ್ರ ಒದ್ದೆ ಮಾಡಿಸಿ ಮೂಗಿಗೆ ಹಿಡಿಸಿದೆ.

ಹೆಡ್ಮಾಸ್ತರರು ಬಂದು ಬಾಗಿಲು ಗುದ್ದಿದರು. "ಸೀಟಿ ಕೇಳಿಸ್ಲಿಲ್ಲೇನ್ರಿ? ಬಾಗಿಲಾ ತಗೀರಿ!"

"ತೆಗೆಯುದಿಲ್ಲ ಸರ್. ನೀವೇ ಆ ಮಕ್ಕಳನ್ನು ಒಳಗೆ ಕರ್ಕೊಂಡು ಬನ್ನಿ."

"ನಾಳಿಯಿಂದ ನಿಮಗ ಕೆಲ್ಸಿಲ್ಲ, ತಿಳ್ಕೋರಿ!"

"ನಾಳೆದು ನಾಳೆ ನೋಡುವ."

ಬಾಯಲ್ಲೇನೋ ಹಾಗೆಂದೆ. ನನ್ನ ಲೆಕ್ಕ ತಪ್ಪಿದರೆ ಇಷ್ಟು ಮಕ್ಕಳ ತಾಯಂದಿರಿಗೆ ಏನೆಂದು ಹೇಳಲಿ? ಗಾಜಿನಾಚೆ ನೋಡಿದೆ. ಮೈದಾನದಲ್ಲಿ ಸಾಲಾಗಿ ನಿಂತ ಮಕ್ಕಳು ಕೆಮ್ಮುತ್ತಿದ್ದರು, ಕೆಲವರು ನಿಂತಲ್ಲೇ ವಾಂತಿ ಮಾಡಿಕೊಂಡರು. ಕೊನೆಗೆ ಪಿ.ಟಿ. ಮಾಸ್ತರರು ಯಾರನ್ನೂ ಕೇಳದೆ ಎಲ್ಲರನ್ನೂ ಒಳಗೆ ಓಡಿಸಿದರು. ಹಲವು ಮಕ್ಕಳು ಆಸ್ಪತ್ರೆ ಸೇರಿ ಸಂಜೆಗೆ ಮನೆಗೆ ಮರಳಿದರು. ನನ್ನ ತರಗತಿಯವರಿಗೆ ಕಣ್ಣುರಿ ಬಿಟ್ಟರೆ ಬೇರೇನೂ ಆಗಲಿಲ್ಲ.

ಮರುದಿನ ನನಗೆ ಸಿಕ್ಕಿದ್ದು ಮೆಮೊ: ಆಜ್ಞೆ ಮೀರಿದ್ದಕ್ಕೆ ಕ್ಷಮಾಪಣೆ ಬರೆದುಕೊಡಬೇಕು. ನಾನು ಬರೆಯಲಿಲ್ಲ. ತಾಯಂದಿರು ಆಫೀಸಿನ ಮುಂದೆ ಬಂದು ಕೂತದ್ದರಿಂದ ಕೆಲಸ ಉಳಿಯಿತು, ಆದರೆ ಐದನೇ ತರಗತಿ ಹೋಯಿತು. ನನ್ನನ್ನು ಒಂದನೇ ತರಗತಿಗೆ ಹಾಕಿದರು.

"ಕ್ಷಮಾ ಕೇಳ್ರಿ, ನಿಮ್ಮ ಕ್ಲಾಸ್ ವಾಪಸ್ ಕೊಡ್ತೀನಿ," ಎಂದರು ಒಮ್ಮೆ.

"ಮೈದಾನದಲ್ಲಿ ನಿಲ್ಲಿಸಿದಿರಲ್ಲ, ಆ ಮಕ್ಕಳ ಹತ್ರ ಮೊದಲು ನೀವು ಕೇಳಿ ಸರ್."

ಅಲ್ಲಿಂದ ಅವರು ನಿವೃತ್ತರಾಗುವವರೆಗೆ ನಮ್ಮ ನಡುವೆ ಮಾತಿರಲಿಲ್ಲ. ಬೀಳ್ಕೊಡುಗೆಯ ದಿನ ಅವರ ಶಿಸ್ತನ್ನು ಎಲ್ಲರೂ ಹೊಗಳಿ ಚಪ್ಪಾಳೆ ತಟ್ಟಿದರು. ನಾನು ಕೈಕಟ್ಟಿ ಕೂತಿದ್ದೆ.