ಅಪ್ಪನ ರಥಗಳೆಲ್ಲ ಬಲಕ್ಕೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಬಂದವರಿಗೆಲ್ಲ ಹೇಳುತ್ತಾಳೆ. ಸುಳ್ಳಲ್ಲ. ಆ ಹನ್ನೊಂದು ದಿನಗಳಲ್ಲಿ ಅಪ್ಪನ ಮೇಲೆ ಎಷ್ಟು ಸಲ ರೇಗಿದೆನೋ ನನಗೇ ಗೊತ್ತಿಲ್ಲ. 

ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಮನೆ. ನಡುಮನೆಯಲ್ಲಿ ಎರಡು ಕೈಮಗ್ಗ, ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ನಾನು. ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಮಗ್ಗಕ್ಕೆ ಬಿಡುವು. ಆ ಹೊತ್ತಿನಲ್ಲಿ ನಾನು ಹಳೆಯ ಲ್ಯಾಪ್‌ಟಾಪಿನಲ್ಲಿ ಹಿಂದಿನ ಕಾಲದ ಯುದ್ಧದ ಗೇಮ್ ಆಡುತ್ತಿದ್ದೆ. ಬಯಲು ನೋಡಿ ಸೈನ್ಯ ನಿಲ್ಲಿಸುವುದು, ಹೊತ್ತು ನೋಡಿ ಬಿಡುವುದು, ಅಷ್ಟೇ. ಹಿಂದೆ ನಿಂತು ನೋಡುತ್ತಿದ್ದ ಅಪ್ಪ ಒಂದು ದಿನ ಮೌಸನ್ನೇ ಕಸಿದುಕೊಂಡ. ಅರವತ್ತು ದಾಟಿದ ಮನುಷ್ಯ ಆರು ತಿಂಗಳೊಳಗೆ ನನ್ನನ್ನೇ ಮೀರಿಸಿದ. ಅವನಿಗೆ ಬೇಕಾಗಿದ್ದುದು ರಥ ಮಾತ್ರ.

ಆ ಗೇಮಿನಲ್ಲಿ ರಥಕ್ಕೆ ಬಲವಿರುವುದು ಓಡುತ್ತಿರುವವರೆಗೆ. ಮೊದಲ ಹೊಡೆತಕ್ಕೆ ಕಾಲಾಳುಗಳ ಸಾಲನ್ನೇ ಸೀಳಿಬಿಡುತ್ತದೆ. ಜನರ ನಡುವೆ ಸಿಕ್ಕಿ ನಿಂತಿತೋ, ಅಲ್ಲಿಗೆ ಮುಗಿಯಿತು. ಭರ್ಚಿ ಹಿಡಿದವರ ಎದುರಿಗೆ ಬಿಡಬಾರದು, ಏರಿಗೆ ಹತ್ತಿಸಬಾರದು, ತಿರುಗಿಸಲು ಅಗಲವಾದ ಜಾಗ ಬೇಕು. "ನಮ್ಮ ಗುಡ್ಡ ಇದಕ್ಕ ಅಲ್ಲವಾ," ಎನ್ನುತ್ತಿದ್ದ ಅಪ್ಪ. "ನರಗುಂದದ ಕಡಿ ಕರಿ ಎರಿ ಮಣ್ಣಿನ ಬಯಲು ಬೇಕು. ಅದೂ ಮಳಿ ಆಗಿರಬಾರದು." ಎಡಕ್ಕೆ ನಾಲ್ಕು ರಥ, ಬಲಕ್ಕೆ ನಾಲ್ಕು, ನಡುವೆ ಕಾಲಾಳು. ಎರಡೂ ಕಡೆಯಿಂದ ಒಂದೇ ಹೊತ್ತಿಗೆ ಬಿಡುತ್ತಿದ್ದ. ಸೀರೆಯ ಎರಡೂ ಅಂಚು ಸಮ ಬರಬೇಕೆನ್ನುವವನು ಯುದ್ಧವನ್ನೂ ಹಾಗೆಯೇ ಮಾಡುತ್ತಿದ್ದ.

ಒಂದು ಮಧ್ಯಾಹ್ನ ಎಂಟೂ ರಥಗಳನ್ನು ಬಲಕ್ಕೇ ನಿಲ್ಲಿಸಿದ.

"ಇದೇನಪ್ಪಾ, ಎಡಕ್ಕ ಯಾರೂ ಇಲ್ಲ?"

"ಎಲ್ಲಾರೂ ಅದಾರಲ್ಲ," ಎಂದ.

ಚೇಷ್ಟೆ ಮಾಡುತ್ತಿದ್ದಾನೆಂದುಕೊಂಡೆ. ಎಂಟು ರಥ ಒಟ್ಟಿಗೆ ನುಗ್ಗಿದ್ದಕ್ಕೆ ಅವತ್ತು ಗೆದ್ದೂ ಬಿಟ್ಟ. ಹೊಸ ಯುಕ್ತಿ ಎಂದು ನಾನೇ ಹೊಗಳಿದೆ. ಮರುದಿನದಿಂದ ಬರೀ ಸೋಲು. ವೈರಿಯ ಕುದುರೆ ಸವಾರರು ಎಡದಿಂದ ಬಂದು ಅಪ್ಪನ ಕಾಲಾಳುಗಳನ್ನು ಕೊಂದು ಮುಗಿಸುವವರೆಗೂ ಅವನು ಬಲಕ್ಕೇ ನೋಡುತ್ತ ಕೂತಿರುತ್ತಿದ್ದ. ಆಮೇಲೆ, "ಇವ್ರು ಎಲ್ಲಿಂದ ಬಂದ್ರವಾ?" ಎಂದು ಕೇಳುತ್ತಿದ್ದ.

"ಕಣ್ಣು ಎಲ್ಲಿ ಇಟ್ಟಿದ್ದೀ? ಆಡಾಕ ಮನಸಿಲ್ಲಂದ್ರ ಬಿಡು," ಎಂದು ರೇಗಿದೆ. ಅಪ್ಪ ಮೌಸನ್ನು ನನ್ನ ಕಡೆಗೆ ಸರಿಸಿದ.

ರೋಣದಲ್ಲಿರುವ ಸೋದರತ್ತೆಯ ಮಗನೂ ಅದೇ ಗೇಮ್ ಆಡುತ್ತಾನೆ. ಫೋನಿನಲ್ಲಿ ಅವನಿಗೆ ಹೇಳಿದಾಗ, "ಹೊಸಾ ಅಪ್‌ಡೇಟಿನ್ಯಾಗ ರಥದ ಬಲಾ ಇಳಿಸ್ಯಾರ. ಮಾವಂದೇನೂ ತಪ್ಪಿಲ್ಲ ಬಿಡು," ಎಂದ. ನನಗೂ ಅದೇ ಬೇಕಾಗಿತ್ತು. ಗೇಮ್ ಮಾಡಿದವರನ್ನು ಮನಸಾರೆ ಬೈದೆ. ಆದರೂ ಒಮ್ಮೆ ನೋಡೇಬಿಡೋಣ ಎಂದು ಅದೇ ಬಯಲು, ಅದೇ ಸೈನ್ಯ ಇಟ್ಟುಕೊಂಡು ಅಪ್ಪನ ಹಳೆಯ ಪದ್ಧತಿಯಲ್ಲಿ ಆಡಿದೆ. ಗೆದ್ದೆ. ಮತ್ತೆ ಆಡಿದೆ, ಮತ್ತೆ ಗೆದ್ದೆ. ರಥದ ಹೊಡೆತ ತುಸು ತಗ್ಗಿತ್ತು, ಸೋಲುವಷ್ಟೇನಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ. ವಯಸ್ಸಾಯಿತಲ್ಲ, ಮರೆವು ಇದ್ದದ್ದೇ, ಎಂದು ನನಗೆ ನಾನೇ ಹೇಳಿಕೊಂಡೆ.

ಅದೇ ವಾರ ಅಪ್ಪನ ಮಗ್ಗದ ಸೀರೆ ಕೆಡತೊಡಗಿತು. ಎಡ ಅಂಚಿನಲ್ಲಿ ಎಳೆ ಹರಿದಿವೆ, ಅವನ್ನು ಗಂಟು ಹಾಕದೆ ಹಾಗೇ ನೇಯ್ದುಕೊಂಡು ಹೋಗಿದ್ದಾನೆ. ಬಲ ಅಂಚು ಎಂದಿನಂತೆ ಚೊಕ್ಕಟ. ನೇಕಾರರ ಮನೆಯಲ್ಲಿ ಬಟ್ಟೆ ಕೆಟ್ಟರೆ ಮೊದಲು ಕೈ ಹೋಗುವುದು ಮಗ್ಗಕ್ಕೆ. ನಲವತ್ತು ವರ್ಷ ನೇಯ್ದವನ ಮುಖವನ್ನು ಯಾರೂ ನೋಡುವುದಿಲ್ಲ. ಎಳೆಗಳು ಹಾದುಬರುವ ಹಣಿಗೆಯ ಮೇಲೆ ಬೆರಳಾಡಿಸಿ ಅವ್ವ, "ಎಡಗಡಿ ಹಲ್ಲು ಹರಿತ ಆಗ್ಯಾವ, ಎಳಿ ಕೊಯ್ಯಾಕತ್ತಾವ," ಎಂದಳು. ನಾನೂ ಹೂಂಗುಟ್ಟಿದೆ. ಹಣಿಗೆ ಬದಲಿಸುವುದೆಂದರೆ ಒಂದೊಂದೇ ಎಳೆಯನ್ನು ಒಂದೊಂದು ಹಲ್ಲಿನ ಸಂದಿಯಲ್ಲಿ ಮತ್ತೆ ಪೋಣಿಸಬೇಕು. ಅವ್ವ, ನಾನು ಎರಡು ದಿನ ಬೆನ್ನು ಬಗ್ಗಿಸಿ ಪೋಣಿಸಿದೆವು. ಅಪ್ಪ ಪಕ್ಕದಲ್ಲೇ ಕೂತು ನಮ್ಮನ್ನು ನಗಿಸುತ್ತಿದ್ದ. ಚಹಾದ ಲೋಟವನ್ನು ಎಡಕ್ಕಿಟ್ಟರೆ, ಚಹಾ ಕೊಡಲೇ ಇಲ್ಲವೆಂದು ಅವ್ವನ ಜೊತೆ ಜಗಳ ತೆಗೆದ. ಅದಕ್ಕೂ ನಕ್ಕೆವು.

ಹೊಸ ಹಣಿಗೆ ಕೂಡಿಸಿದ ಮರುದಿನ ಎಡ ಅಂಚು ಮತ್ತೆ ಕೆಟ್ಟಿತು. ಆಗ ನನಗೆ ನಿಜವಾಗಿ ಹೆದರಿಕೆ ಹೊಕ್ಕಿತು. ಅಂದು ಊಟವಾದ ಮೇಲೆ ಗೇಮ್ ತೆರೆದು, ವೈರಿಯ ಸೈನ್ಯವಷ್ಟೂ ಪರದೆಯ ಎಡ ಅರ್ಧದಲ್ಲಿ ಬರುವಂತೆ ನೋಟವನ್ನು ತಿರುಗಿಸಿ, ಯುದ್ಧವನ್ನು ನಿಲ್ಲಿಸಿಟ್ಟೆ. ಬಲಕ್ಕೆ ಬರೀ ಹುಲ್ಲು. ಅಪ್ಪನನ್ನು ಕೂಡಿಸಿ, "ರಥಾ ಬಿಡಪ್ಪಾ," ಎಂದೆ.

ಅಪ್ಪ ನೋಡಿದ. "ಯಾರ ಮ್ಯಾಲೆ ಬಿಡ್ಲಿ? ಬಯಲು ಖಾಲಿ ಐತಲ್ಲವಾ."

ಕೆಂಪು ನಿಶಾನೆ ಹಿಡಿದ ನೂರಾರು ಜನ ಅಲ್ಲಿ ನಿಂತಿದ್ದರು. ನಾನು ಅವರ ಮೇಲೆ ಬೆರಳಿಟ್ಟು, "ಇವ್ರು ಯಾರಪ್ಪಾ?" ಎಂದೆ.

"ಯಾರು?"

 ನೋಟವನ್ನು ಮೆಲ್ಲಗೆ ಹೊರಳಿಸಿ ಸೈನ್ಯವನ್ನು ಬಲಕ್ಕೆ ತಂದೆ. ಅಪ್ಪನ ಮುಖ ಅರಳಿತು. "ಹಾಂ, ಈಗ ಬಂದ್ರು ನೋಡು," ಎಂದ.

ಬಾಡಿಗೆ ಕಾರು ಮಾಡಿಕೊಂಡು ಗದಗಿನ ದವಾಖಾನೆಗೆ ಹೊರಟೆವು. ದಾರಿಯುದ್ದಕ್ಕೂ ಅಪ್ಪ ಬಲಗಡೆಯ ಕಿಟಕಿಯಿಂದ ಹೊಲ ನೋಡುತ್ತ, ಶೇಂಗಾ ಚಲೋ ಬಂದಿದೆ ಎಂದು ಅವ್ವನಿಗೆ ಹೇಳುತ್ತಿದ್ದ. ನಾನು ಮುಂದಿನ ಸೀಟಿನಿಂದ ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಅಳು ಬರುತ್ತದೆಂಬ ಭಯ, ಅಳು ಕಂಡರೆ ಅವನಿಗೆ ಗೊತ್ತಾಗುತ್ತದೆಂಬ ಭಯ.

ಮೆದುಳಿನ ಚಿತ್ರ ತೆಗೆಸಿ ಡಾಕ್ಟರು ನಮ್ಮನ್ನು ಒಳಗೆ ಕರೆದರು. ಬಲಗಡೆಯ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. "ಕಣ್ಣು ಚಲೋ ಅದಾವ್ರಿ. ಎಡಗಡಿ ಅನ್ನೂದು ಒಂದು ಐತಿ ಅನ್ನೂದನ್ನ ಮೆದುಳು ಬಿಟ್ಟೈತಿ. ಯಾವಾಗಿಂದ ಹಿಂಗ?"

"ನಿನ್ನಿ ಮೊನ್ನಿಯಿಂದ್ರಿ," ಎಂದಳು ಅವ್ವ.

ನನಗೆ ದಿನ ಗೊತ್ತಿತ್ತು. ಆಡಿದ ಯುದ್ಧಗಳೆಲ್ಲ ತಾರೀಖಿನ ಸಮೇತ ಲ್ಯಾಪ್‌ಟಾಪಿನಲ್ಲಿ ಉಳಿದಿರುತ್ತವೆ. ಕಾರು ಬರುವಷ್ಟರಲ್ಲಿ ಆ ತಾರೀಖುಗಳಲ್ಲಿ ಹಿಂದಕ್ಕೆ ಹೋಗಿ, ಎಂಟೂ ರಥ ಬಲಕ್ಕೆ ನಿಂತ ದಿನವನ್ನು ನೋಡಿದ್ದೆ.

"ಹನ್ನೊಂದು ದಿನಾ ಆತ್ರಿ," ಎಂದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಅವತ್ತ ಬಂದಿದ್ರ..." ಎಂದು ಅಷ್ಟಕ್ಕೇ ಬಿಟ್ಟರು. ಅವ್ವ ನನ್ನ ಕಡೆ ತಿರುಗಿ, "ನಿನಗ ಗೊತ್ತಿತ್ತೇನ?" ಎಂದಳು. ಗೊತ್ತಿತ್ತು ಎಂದರೂ ತಪ್ಪು, ಇರಲಿಲ್ಲ ಎಂದರೂ ತಪ್ಪು. 

ಅಪ್ಪ ಮನೆಗೆ ಬಂದು ಮೂರು ತಿಂಗಳಾಯಿತು. ನಾವು ಎಡಗಡೆಯೇ ಕೂತು ಮಾತಾಡಿಸಿ, ಅವನಿಗೆ ಆ ಕಡೆ ತಿರುಗಿ ತಿರುಗಿ ರೂಢಿಯಾದರೆ ಮೆದುಳು ಕಲಿತೀತು ಎಂದು ಡಾಕ್ಟರು ಹೇಳಿದ್ದಾರೆ. ಕಲಿಯದೆಯೂ ಇರಬಹುದು, ಮತ್ತೊಮ್ಮೆ ಹೆಪ್ಪುಗಟ್ಟಲೂಬಹುದು ಎಂದೂ ಹೇಳಿದ್ದಾರೆ. ಹಾಗಾಗಿ ದಿನಾ ಮುಂಜಾನೆ ಅವನ ಎಡಗಡೆ ಕೂರುತ್ತೇನೆ, ಅವನ ಎಡಗೈಯನ್ನು ನನ್ನ ತೊಡೆಯ ಮೇಲಿಟ್ಟುಕೊಳ್ಳುತ್ತೇನೆ. ಕೂರುವಾಗೆಲ್ಲ ನನಗೆ ದಿಗಿಲು. ಇವತ್ತೂ ಕೂತಿದ್ದೆ. ಅವ್ವ ಬಲಗಡೆಯಿಂದ ಗುಳಿಗೆ ತಂದಳು.

"ಅಕಿ ಎಲ್ಲಿ ಹೋದ್ಲು? ಮುಂಜಾನಿಂದ ಕಂಡೇ ಇಲ್ಲ," ಎಂದು ಅಪ್ಪ ಅವ್ವನನ್ನು ಕೇಳಿದ.

"ಇಲ್ಲೇ ಅದೀನಪ್ಪಾ," ಎಂದೆ. ಕೈಯನ್ನು ಒತ್ತಿದೆ.

ಅವನ ಮುಖ ನಡುವಿನವರೆಗೆ ಬಂದು ಅಲ್ಲೇ ನಿಂತಿತು. ಕಿವಿಗೊಟ್ಟು ಕೇಳಿ ಮತ್ತೆ ಅವ್ವನ ಕಡೆಗೇ ತಿರುಗಿದ.

"ದನಿ ಕೇಳಾಕತ್ತೈತಿ," ಎಂದ. "ಲಗೂ ಮನಿಗೆ ಬಾ ಅಂತ ಹೇಳು ಅಕಿಗೆ."